ಅಕ್ಟೋಬರ್‌ನಲ್ಲಿ ಕೆಂಪಾಗದ ಎಲೆಗಳು



ಕಳೆದ ವರ್ಷ ನಮ್ಮ ಕಾಲೇಜಿನ ಗೋಡೆ ಪತ್ರಿಕೆಯಲ್ಲಿ ಒಂದು ಫೋಟೊ ಇತ್ತು. ಸೆಕೆಂಡ್ ಪಿಯುಸಿಯವರಿಗೆ ನೆನಪಿರಬಹುದು. ಎರಡೂ ಕಡೆ ಕಿತ್ತಳೆ ಬಣ್ಣದ ಮರಗಳ ಸಾಲು, ನಡುವೆ ಖಾಲಿ ರಸ್ತೆ. ಕೆಳಗೆ ‘ಚಿಕ್ಕಜಾಲದಲ್ಲಿ ಶರತ್ಕಾಲ’ ಎಂದು ಬರೆದಿತ್ತು. ಅದನ್ನು ತೆಗೆದವಳು ನಾನು. ತುಂಬಾ ಜನ ಹೊಗಳಿದರು. ಲೈಬ್ರರಿಯ ಮೇಡಂ ಕೂಡ ಕರೆದು ಶಹಬ್ಬಾಸ್ ಎಂದರು.

ಆ ಫೋಟೊ ಸುಳ್ಳು. ಅವು ಹೊಂಗೆ ಮರಗಳು. ಆ ದಿನ ಅವು ಪೂರ್ತಿ ಹಸಿರಾಗಿದ್ದವು. ಕಾಶ್ಮೀರದ ಚಿನಾರ್ ಮರಗಳ ಫೋಟೊಗಳನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಿ ನೋಡಿ ನನಗೂ ಅಂಥದ್ದೊಂದು ಬೇಕು ಅನ್ನಿಸಿತ್ತು. ಅಕ್ಟೋಬರ್ ಪೂರ್ತಿ ಯಲಹಂಕದಿಂದ ದೇವನಹಳ್ಳಿಯವರೆಗೆ ಹುಡುಕಿದೆ. ಎಲ್ಲಿಯೂ ಒಂದು ಕೆಂಪು ಮರ ಸಿಗಲಿಲ್ಲ. ಕೊನೆಗೆ ಮೊಬೈಲಿನ ಒಂದು ಆ್ಯಪ್‌ನಲ್ಲಿ ಹಸಿರನ್ನು ಕಿತ್ತಳೆ ಮಾಡಿದೆ. ಒಂದು ನಿಮಿಷದ ಕೆಲಸ.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದು ಮೊದಲು ಹೇಳುತ್ತೇನೆ. ಆಮೇಲೆ ನಮ್ಮ ಊರಿನ ಮರಗಳು ಯಾವಾಗ ಬಣ್ಣ ಬದಲಿಸುತ್ತವೆ, ಅದನ್ನು ಸಾಧಾರಣ ಮೊಬೈಲಿನಲ್ಲಿ ಹೇಗೆ ಹಿಡಿಯಬಹುದು ಎಂದು ಕಳೆದ ಒಂದು ವರ್ಷದಲ್ಲಿ ನಾನು ಕಲಿತದ್ದನ್ನು ತಿಳಿಸುತ್ತೇನೆ.

ದಾದಿ ನೋಡಲು ಬಂದದ್ದು

ನನ್ನ ದಾದಿಗೆ ಎಪ್ಪತ್ತು ದಾಟಿದೆ. ಮಂಡಿ ನೋವಿನಿಂದ ಹೊರಗೆ ಹೋಗುವುದು ಕಡಿಮೆ. ಫೋಟೊ ತೋರಿಸಿದಾಗ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು “ಇದು ಕಾಶ್ಮೀರವಾ ಬೇಟಿ?” ಎಂದು ಕೇಳಿದರು. “ಇಲ್ಲ ದಾದಿ, ಇಲ್ಲೇ, ಕಾಲೇಜಿಗೆ ಹೋಗುವ ದಾರಿ” ಎಂದೆ. ಅಷ್ಟಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅವರು “ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗು” ಎಂದರು.

ಮಳೆ ಎಂದೆ, ಟೆಸ್ಟ್ ಎಂದೆ, ಎರಡು ವಾರ ತಳ್ಳಿದೆ. ಮೂರನೆಯ ಭಾನುವಾರ ಭಾಯಿ ತಾನೇ ಆಟೊ ಕರೆದು ತಂದ. ಅವನಿಗೂ ನಿಜ ಗೊತ್ತಿರಲಿಲ್ಲ. ದಾದಿ ಒಳ್ಳೆಯ ಬುರ್ಖಾ ಹಾಕಿಕೊಂಡು ತಯಾರಾಗಿದ್ದರು. ಆ ರಸ್ತೆಯಲ್ಲಿ ಆಟೊ ನಿಂತಿತು. ದಾದಿ ನನ್ನ ಭುಜ ಹಿಡಿದು ಇಳಿದು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಲ್ಲವೂ ಹಸಿರು. ಭಾಯಿ ನನ್ನ ಮುಖ ನೋಡಿದ. ದಾದಿ ಸ್ವಲ್ಪ ಹೊತ್ತು ನಿಂತು, “ಮಳೆ ಬಂದು ತೊಳೆದುಬಿಟ್ಟಿದೆ ಅನ್ನಿಸುತ್ತೆ. ಹಸಿರೂ ಚೆನ್ನಾಗೇ ಇದೆ” ಎಂದು ಮತ್ತೆ ಆಟೊ ಹತ್ತಿದರು. ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದರು. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ನಮ್ಮ ಅಕೌಂಟೆನ್ಸಿಯಲ್ಲಿ ‘ವಿಂಡೋ ಡ್ರೆಸಿಂಗ್’ ಎಂಬ ಮಾತು ಬರುತ್ತದೆ. ಕಂಪನಿಯ ಸ್ಥಿತಿ ಇರುವುದಕ್ಕಿಂತ ಚೆನ್ನಾಗಿ ಕಾಣುವಂತೆ ಲೆಕ್ಕಪತ್ರಗಳನ್ನು ಸಿಂಗರಿಸುವುದು. ಬ್ಯಾಲೆನ್ಸ್ ಶೀಟ್ ನೋಡಲು ಚೆನ್ನಾಗಿರುತ್ತದೆ, ಆದರೆ ಅದನ್ನು ನಂಬಿ ಹಣ ಹಾಕಿದವರು ಮುಳುಗುತ್ತಾರೆ. ಈ ಪಾಠ ಕೇಳುವಾಗ ನನಗೆ ಯಾವ ಕಂಪನಿಯೂ ನೆನಪಾಗಲಿಲ್ಲ. ಆಟೊದಿಂದ ಇಳಿದ ದಾದಿಯೇ ನೆನಪಾದರು.

ಶರದೃತು ಬೇರೆ, ಎಲೆ ಉದುರುವ ಕಾಲ ಬೇರೆ

ನನ್ನ ತಪ್ಪು ಆ್ಯಪ್‌ನಿಂದ ಶುರುವಾಗಲಿಲ್ಲ. ಒಂದು ಪದದಿಂದ ಶುರುವಾಯಿತು. ಇದನ್ನು ಹೇಳಿಕೊಟ್ಟವರು ನಮ್ಮ ಕನ್ನಡ ಸರ್. ನಾನು ನಿಜ ಒಪ್ಪಿಕೊಂಡಾಗ ಅವರು ನಕ್ಕು, “ನೋಡಮ್ಮ, ಇಂಗ್ಲಿಷಿನ ಆಟಮ್‌ಗೆ ನಾವು ಶರತ್ಕಾಲ ಅಂತ ಬರೆದುಬಿಡ್ತೀವಿ. ಆದರೆ ಅವರ ಆಟಮ್‌ನಲ್ಲಿ ಎಲೆ ಉದುರುತ್ತೆ, ನಮ್ಮ ಶರತ್ತಿನಲ್ಲಿ ಉದುರಲ್ಲ” ಎಂದರು.

ನಮ್ಮಲ್ಲಿ ಋತುಗಳು ಆರು. ಶರದೃತು ಎಂದರೆ ಆಶ್ವಯುಜ, ಕಾರ್ತಿಕ ಮಾಸಗಳು, ಅಂದರೆ ಹೆಚ್ಚುಕಡಿಮೆ ಅಕ್ಟೋಬರ್ ಮತ್ತು ನವೆಂಬರ್. ಹಳೆಯ ಕವಿಗಳು ಆ ಋತುವನ್ನು ವರ್ಣಿಸುವಾಗ ತಿಳಿಯಾದ ಆಕಾಶ, ತಿಳಿಯಾದ ನೀರು, ಬೆಳದಿಂಗಳು ಎನ್ನುತ್ತಾರೆ. ಒಣ ಎಲೆ ಅಲ್ಲಿ ಬರುವುದಿಲ್ಲ. ಎಲೆ ಉದುರುವುದು ಮಾಘ, ಫಾಲ್ಗುಣದ ಶಿಶಿರದಲ್ಲಿ, ಅಂದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ.

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಉರ್ದುವಿನಲ್ಲಿ ಇದಕ್ಕೆ ಎರಡು ಪದ ಇವೆ. ಗಜಲ್‌ಗಳಲ್ಲಿ ಬರುವುದು ‘ಖಿಝಾ’. ದಾದಿ ಹೇಳುವುದು ‘ಪತ್‌ಝಡ್’, ಅಂದರೆ ನೇರವಾಗಿ ಎಲೆ ಉದುರುವುದು. ಪದಗಳು ಇದ್ದರೂ ಅದು ಯಾವ ತಿಂಗಳು ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಎಲೆಗೆ ಬಣ್ಣ ಹೇಗೆ ಬರುತ್ತದೆ?

ನಾನು ಕಾಮರ್ಸ್. ಸೈನ್ಸ್ ಓದುವ ಗೆಳತಿಯಿಂದ ಅರ್ಥ ಮಾಡಿಕೊಂಡದ್ದನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ.

ಮರಕ್ಕೆ ಪ್ರತಿ ಎಲೆಯೂ ಒಂದು ಬ್ರಾಂಚ್ ಆಫೀಸ್ ಇದ್ದಂತೆ. ಬಿಸಿಲಿನಿಂದ ಆಹಾರ ತಯಾರಿಸುವುದು ಅದರ ಆದಾಯ, ನೀರು ಆವಿಯಾಗಿ ಹೋಗುವುದು ಅದರ ಖರ್ಚು. ಖರ್ಚು ಆದಾಯವನ್ನು ಮೀರುವ ಕಾಲ ಬಂದರೆ ಮರ ಬ್ರಾಂಚ್ ಮುಚ್ಚುತ್ತದೆ. ಸುಮ್ಮನೆ ಮುಚ್ಚುವುದಿಲ್ಲ. ಎಲೆಯಲ್ಲಿರುವ ಪತ್ರಹರಿತ್ತನ್ನು, ಅಂದರೆ ಕ್ಲೋರೋಫಿಲ್ ಅನ್ನು ಒಡೆದು, ಸಾರಜನಕದಂಥ ಬೆಲೆಬಾಳುವ ಸರಕನ್ನು ಕೊಂಬೆಗೆ ವಾಪಸ್ ತರಿಸಿಕೊಳ್ಳುತ್ತದೆ. ಹಸಿರು ಹೋದಾಗ ಮೊದಲಿನಿಂದಲೂ ಒಳಗೆ ಅಡಗಿದ್ದ ಹಳದಿ ಕಾಣುತ್ತದೆ. ಅದು ಕೆರೋಟಿನಾಯ್ಡ್. ಕೆಂಪು ಬಣ್ಣ ಮಾತ್ರ ಹಾಗಲ್ಲ. ಅದು ಆಂಥೋಸಯನಿನ್, ಕೊನೆಯ ದಿನಗಳಲ್ಲಿ ಕೆಲವು ಮರಗಳು ಅದನ್ನು ಹೊಸದಾಗಿ ತಯಾರಿಸುತ್ತವೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಪದರ ಬೆಳೆದು ಎಲೆ ಕಳಚಿಕೊಳ್ಳುತ್ತದೆ.

ಈಗ ಮುಖ್ಯ ಪ್ರಶ್ನೆ: ಬ್ರಾಂಚ್ ಮುಚ್ಚುವ ನೋಟಿಸ್ ಯಾವಾಗ ಬರುತ್ತದೆ? ಚಳಿ ದೇಶಗಳಲ್ಲಿ ಹಗಲು ಚಿಕ್ಕದಾಗುವುದು ಮತ್ತು ಚಳಿ ಬೀಳುವುದು ಆ ನೋಟಿಸ್. ಲಂಡನ್‌ನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು ಹದಿನಾರೂವರೆ ಗಂಟೆ, ಡಿಸೆಂಬರ್‌ನ ಅತಿ ಚಿಕ್ಕ ಹಗಲು 8 ಗಂಟೆಗಿಂತ ಕಡಿಮೆ. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ಉದ್ದದ ಹಗಲಿಗೂ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಚಳಿಯೂ ಅಷ್ಟು ಇಲ್ಲ. ನಮ್ಮ ಮರಗಳಿಗೆ ನೋಟಿಸ್ ಕೊಡುವುದು ನೀರಿನ ಕೊರತೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತುಂಬಾ ಮಳೆ ಬರುವ ತಿಂಗಳುಗಳು. ನೀರು ಇಷ್ಟು ಇರುವಾಗ ಯಾವ ಮರ ತಾನೇ ಎಲೆ ಬಿಡುತ್ತದೆ? ಡಿಸೆಂಬರ್ ನಂತರ ಮಳೆ ನಿಂತು ಮಣ್ಣು ಒಣಗಿದ ಮೇಲೆ ಒಂದೊಂದೇ ಮರ ಎಲೆ ಉದುರಿಸುತ್ತದೆ. ಅದೂ ಎಲ್ಲ ಒಟ್ಟಿಗೆ ಅಲ್ಲ. ಅದಕ್ಕೇ ನಮ್ಮಲ್ಲಿ ಬೆಟ್ಟ ಪೂರ್ತಿ ಕೆಂಪಾಗುವ ದೃಶ್ಯ ಇಲ್ಲ. ಒಂದು ಬೀದಿಯಲ್ಲಿ ಒಂದೇ ಮರ ಕೆಂಪಾಗಿರುತ್ತದೆ, ನಾವು ನೋಡದೆ ದಾಟಿ ಹೋಗುತ್ತೇವೆ.

ಸಹರಿ ಮುಗಿದ ಮೇಲೆ

ಈ ವರ್ಷ ಮಾರ್ಚ್‌ನಲ್ಲಿ ರಮಝಾನ್ ಬಂತು. ಮೊದಲ ವಾರದಲ್ಲಿ ಒಂದು ದಿನ ಸಹರಿ, ಫಜರ್ ನಮಾಜ್ ಮುಗಿಸಿ ನಾನು ಮತ್ತೆ ಮಲಗಲು ಹೊರಟಿದ್ದೆ. ಬೆಳಕು ಹರಿದಿತ್ತು. ಹಿತ್ತಲಿನಿಂದ ದಾದಿ ಕರೆದರು. “ಬಾ ಇಲ್ಲಿ, ನಿನ್ನ ಕಾಶ್ಮೀರ ನೋಡು.”

ನಮ್ಮ ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯವರ ಒಂದು ಕಾಡುಬಾದಾಮಿ ಮರ ಇದೆ. ಅಂಗೈಗಿಂತ ದೊಡ್ಡ ಎಲೆ, ಮಕ್ಕಳು ಕಾಯಿ ಒಡೆದು ತಿನ್ನುತ್ತಾರಲ್ಲ, ಅದೇ ಮರ. ಅದರ ಎಲೆಗಳೆಲ್ಲ ಕೆಂಪಾಗಿದ್ದವು. ಕೆಲವು ಇಟ್ಟಿಗೆಯ ಬಣ್ಣ, ಕೆಲವು ದಾಳಿಂಬೆಯ ಬಣ್ಣ. ನೆಲದ ಮೇಲೂ ಹಾಸಿದಂತೆ ಬಿದ್ದಿದ್ದವು. ದಾದಿ ಕೈಯಲ್ಲಿ ಪೊರಕೆ ಇತ್ತು. “ಮದುವೆಯಾಗಿ ಬಂದಾಗಿನಿಂದ ಇದನ್ನು ಗುಡಿಸುತ್ತಾ ಇದ್ದೇನೆ. ನಿನಗೆ ಒಂದು ದಿನವೂ ಕಾಣಿಸಲಿಲ್ಲವಾ?” ಎಂದರು.

ಅವತ್ತೇ ಆಟೊದ ದಿನದ ನಿಜ ಹೇಳಿದೆ. “ಗೊತ್ತು” ಎಂದರು ಅಷ್ಟೇ.

ಅವತ್ತಿನ ಬೆಳಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಸೂರ್ಯ ಹುಟ್ಟಿದ ನಂತರದ ಅರ್ಧ, ಮುಕ್ಕಾಲು ಗಂಟೆ ಬೆಳಕು ಓರೆಯಾಗಿ, ವಾತಾವರಣದಲ್ಲಿ ಹೆಚ್ಚು ದೂರ ಸಾಗಿ ಬರುತ್ತದೆ. ದಾರಿಯಲ್ಲೇ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ಸಂಜೆಯೂ ಹಾಗೆಯೇ. ಮಧ್ಯಾಹ್ನ 12 ಗಂಟೆಗೆ ತೆಗೆದ ಅದೇ ಎಲೆ ಸಪ್ಪೆಯಾಗಿ ಕಾಣುತ್ತದೆ. ರಮಝಾನ್‌ನಲ್ಲಿ ನಾವು ಹೇಗೂ ಎದ್ದಿರುತ್ತೇವೆ. ನಮ್ಮ ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ರಮಝಾನ್ ಋತುಗಳ ನಡುವೆ ಹಿಂದೆ ಸರಿಯುತ್ತಾ ಹೋಗುತ್ತದೆ. ಮುಂದಿನ ವರ್ಷ ಫೆಬ್ರವರಿಯಲ್ಲೇ ಶುರುವಾಗುತ್ತದೆ. ಎಲೆ ಉದುರುವ ಕಾಲಕ್ಕೆ ಸರಿಯಾಗಿ ಬರುವ ಈ ಎರಡು ಮೂರು ವರ್ಷಗಳನ್ನು ಬಿಡಬೇಡಿ.

ಚೆಂದಳಿರು

ನಮ್ಮ ಕಡೆಯ ಕೆಂಪಿನಲ್ಲಿ ಇನ್ನೊಂದು ವಿಶೇಷ ಇದೆ. ಅರಳಿ, ಮಾವು ಮರಗಳನ್ನು ಫೆಬ್ರವರಿ, ಮಾರ್ಚ್‌ನಲ್ಲಿ ನೋಡಿ. ಹೊಸ ಎಲೆ ತಾಮ್ರದ ಬಣ್ಣದಲ್ಲಿ ಹುಟ್ಟುತ್ತದೆ, ಆಮೇಲೆ ಹಸಿರಾಗುತ್ತದೆ. ಇಲ್ಲಿಯೂ ಅದೇ ಆಂಥೋಸಯನಿನ್. ಎಳೆಯ ಎಲೆಗೆ ಬಿಸಿಲು ತಡೆಯುವ ಶಕ್ತಿ ಬರುವವರೆಗೆ ಅದು ಕೊಡೆಯಂತೆ ಕಾಯುತ್ತದೆ. ಇದಕ್ಕೆ ಕನ್ನಡದಲ್ಲಿ ಒಂದು ಪದವೇ ಇದೆ ಎಂದು ಸರ್ ಹೇಳಿದರು: ಚೆಂದಳಿರು. ‘ಚೆಂ’ ಎಂದರೆ ಕೆಂಪು, ‘ತಳಿರು’ ಎಂದರೆ ಚಿಗುರು. ಸಾಯುವ ಎಲೆಯ ಕೆಂಪನ್ನೇ ಹುಡುಕುತ್ತಿದ್ದ ನನಗೆ ಹುಟ್ಟುವ ಎಲೆಯೂ ಕೆಂಪಾಗಿರುತ್ತದೆ ಎಂದು ತಿಳಿದದ್ದು ಈ ಪದದಿಂದ.

ನಮ್ಮ ಊರಿನ ಬಣ್ಣಕ್ಕೆ ಮನುಷ್ಯರ ಕೈಯೂ ಸೇರಿದೆ. ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದರು, ಟಿಪ್ಪು ಸುಲ್ತಾನ್ ಅದನ್ನು ಬೆಳೆಸಿದರು. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಕೃಂಬಿಗಲ್ ಅವರು ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಟ್ಟರು. ನಾವು ಮೊಬೈಲ್ ಎತ್ತಿ ತೆಗೆಯುವ ಗುಲಾಬಿ ಬಣ್ಣದ ಟಬೆಬುಯಾ ಅಮೆರಿಕ ಖಂಡದಿಂದ ಬಂದದ್ದು, ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು.

ಹಾಗಾದರೆ ಅಕ್ಟೋಬರ್‌ನಲ್ಲಿ ಏನಿದೆ?

ಶರತ್ತು ಎಂದರೆ ತಿಳಿ ಆಕಾಶ ಎಂದು ಗೊತ್ತಾದ ಮೇಲೆ ಈ ಅಕ್ಟೋಬರ್‌ನಲ್ಲಿ ಎಲೆ ಹುಡುಕಲಿಲ್ಲ. ಭಾಯಿ ಜೊತೆ ಬೈಕಿನಲ್ಲಿ ನಂದಿ ಬೆಟ್ಟಕ್ಕೆ ಹೋದೆ. ಚಿಕ್ಕಜಾಲದಿಂದ ದೇವನಹಳ್ಳಿ ದಾಟಿ ಎಡಕ್ಕೆ ತಿರುಗಿದರೆ ಒಟ್ಟು ಸುಮಾರು 35 ಕಿಲೋಮೀಟರ್. ಬೆಟ್ಟದ ಎತ್ತರ 1,478 ಮೀಟರ್. ಮಳೆ ಬಂದ ಮಾರನೆಯ ಬೆಳಿಗ್ಗೆ ಗಾಳಿಯಲ್ಲಿ ತೇವ ಇರುತ್ತದೆ, ರಾತ್ರಿ ನೆಲ ತಣ್ಣಗಾದಾಗ ಅದು ಮಂಜಾಗಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ನಿಂತವರಿಗೆ ಮೋಡ ಕೆಳಗೆ ಕಾಣುತ್ತದೆ.

ಅಲ್ಲಿ ನನ್ನ ಮೊದಲ ಹತ್ತು ಫೋಟೊಗಳು ಬೂದಿ ಬಣ್ಣಕ್ಕೆ ಬಂದವು. ಯಾಕೆಂದರೆ ಕ್ಯಾಮೆರಾ ಯಾವ ದೃಶ್ಯವನ್ನಾದರೂ ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಮಂಜು ಬೆಳ್ಳಗಿರುವುದರಿಂದ ‘ಇದು ಹೆಚ್ಚಾಯಿತು’ ಎಂದು ಕಡಿಮೆ ಮಾಡಿಬಿಡುತ್ತದೆ. ಪರದೆಯ ಮೇಲೆ ಬೆರಳಿಟ್ಟಾಗ ಬರುವ ಸೂರ್ಯನ ಚಿಹ್ನೆಯನ್ನು ಸ್ವಲ್ಪ ಮೇಲೆ ಎಳೆದೆ, ಮಂಜು ಬೆಳ್ಳಗಾಯಿತು. ಸೂರ್ಯೋದಯ ತೆಗೆಯುವಾಗ ಇದರ ಉಲ್ಟಾ: ಕೆಳಗೆ ಎಳೆಯಬೇಕು, ಇಲ್ಲದಿದ್ದರೆ ಆಕಾಶದ ಬಣ್ಣ ಕರಗಿಹೋಗುತ್ತದೆ.

ಇನ್ನು ಮೂರು ಚಿಕ್ಕ ಮಾತು. ಮೊದಲು ದುಪಟ್ಟಾದಿಂದಲೋ ಕರ್ಚೀಫಿನಿಂದಲೋ ಲೆನ್ಸ್ ಒರೆಸಿ. ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದು ತೆಗೆಯಿರಿ, ನರಗಳೆಲ್ಲ ಹೊಳೆಯುತ್ತವೆ. ಜೂಮ್ ಮಾಡುವ ಬದಲು ನಾಲ್ಕು ಹೆಜ್ಜೆ ಹತ್ತಿರ ಹೋಗಿ.

ಎಡಿಟ್ ಮಾಡಲೇಬಾರದೇ?

ಮಾಡಬಹುದು. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟಗಳು ನಿಸರ್ಗ ವಿಭಾಗಕ್ಕೆ ಒಂದು ನಿಯಮ ಇಟ್ಟಿವೆ. ಅಂಚು ಕತ್ತರಿಸಬಹುದು, ಬೆಳಕು ಸರಿಮಾಡಬಹುದು, ಲೆನ್ಸ್‌ನ ಧೂಳಿನ ಕಲೆ ತೆಗೆಯಬಹುದು. ಆದರೆ ದೃಶ್ಯದಲ್ಲಿ ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಅಳಿಸಬಾರದು, ಮತ್ತು ಏನೇ ಮಾಡಿದರೂ ಅದು ಸಹಜವಾಗಿ ಕಾಣಬೇಕು. ಬೆಂಗಳೂರಿನವರೇ ಆದ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯಲ್ಲಿದ್ದು ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲ್ಮ್ ಕಾಲದಲ್ಲಿ ಕಲಿತವರು. ಒಂದು ರೋಲಿಗೆ 36 ಚಿತ್ರ ಅಷ್ಟೇ. ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ನಾನು ಕಾಯಬೇಕಿದ್ದದ್ದು ಐದೇ ತಿಂಗಳು.

ನಮ್ಮ ಕಡೆಯ ಕ್ಯಾಲೆಂಡರ್

ಅಕ್ಟೋಬರ್, ನವೆಂಬರ್: ಮೋಡ, ತುಂಬಿದ ಕೆರೆ. ನಂದಿ ಬೆಟ್ಟ. ಹೆದ್ದಾರಿ ಪಕ್ಕದಲ್ಲೇ ಇರುವ ನಮ್ಮ ಚಿಕ್ಕಜಾಲದ ಹಳೆಯ ಕೋಟೆ ಮತ್ತು ಕಲ್ಯಾಣಿ. ಕಲ್ಲು ಮಳೆಯಲ್ಲಿ ನೆನೆದಾಗ ಕಪ್ಪಾಗಿ, ಪಾಚಿ ಹಸಿರಾಗಿ ಚೆನ್ನಾಗಿ ಕಾಣುತ್ತದೆ.

ನವೆಂಬರ್ ಕೊನೆ, ಡಿಸೆಂಬರ್: ರಾಗಿ ಹೊಲಗಳು ಹಣ್ಣಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ದೇವನಹಳ್ಳಿ ಕಡೆ ಉಳಿದಿರುವ ಹೊಲಗಳನ್ನು ಈಗಲೇ ತೆಗೆದಿಡಿ. ನಮ್ಮ ಕಣ್ಣೆದುರೇ ಅವು ಲೇಔಟ್ ಆಗುತ್ತಿವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿಗಳನ್ನು ನೋಡಬಹುದು.

ಜನವರಿಯಿಂದ ಮಾರ್ಚ್: ಕಾಡುಬಾದಾಮಿಯ ಕೆಂಪು ಎಲೆ, ಎಲೆ ಉದುರಿದ ಬೂರುಗದ ಕೆಂಪು ಹೂವು, ಮುತ್ತುಗದ ಕಿತ್ತಳೆ ಹೂವು, ಟಬೆಬುಯಾ.

ಮಾರ್ಚ್, ಏಪ್ರಿಲ್: ಅರಳಿಯ ಚೆಂದಳಿರು, ಹೊಂಗೆಯ ಎಳೆ ಹಸಿರು.

ಏಪ್ರಿಲ್, ಮೇ: ಗುಲ್‌ಮೊಹರ್.

ಖರ್ಚು ಹೆಚ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ಹುಡುಗರು ದಯವಿಟ್ಟು ಟಿಕೆಟ್ ತೆಗೆದುಕೊಳ್ಳಿ. ಮನೆಯಲ್ಲಿ ಹೇಳಿ, ಇಬ್ಬರು ಮೂವರು ಸೇರಿ ಹೋಗಿ. ಹೆದ್ದಾರಿಯಲ್ಲಿ ನಿಂತು ಫೋಟೊ ತೆಗೆಯಬೇಡಿ. ವಾಯುಪಡೆಯ ನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ವಿಮಾನ ನಿಲ್ದಾಣ ಇಷ್ಟು ಹತ್ತಿರ ಇರುವಾಗ ಡ್ರೋನ್ ಮಾತು ಬೇಡವೇ ಬೇಡ.

ಕೊನೆಯದಾಗಿ

ಗೋಡೆ ಪತ್ರಿಕೆಯ ಹಳೆಯ ಫೋಟೊವನ್ನು ಸಂಪಾದಕ ಮಂಡಳಿಯ ಅನುಮತಿಯಿಂದ ನಾನೇ ತೆಗೆದಿದ್ದೇನೆ. ಅದೇ ಜಾಗದಲ್ಲಿ ಈಗ ಇನ್ನೊಂದು ಹಾಕಿದ್ದೇನೆ. ಅದರಲ್ಲಿ ರಸ್ತೆ ಇಲ್ಲ, ಸಾಲುಮರ ಇಲ್ಲ. ಒಂದು ಸಿಮೆಂಟ್ ಗೋಡೆ, ಅದರ ಮೇಲೆ ಬಾಗಿದ ಬಾದಾಮಿ ಕೊಂಬೆ, ಕೆಳಗೆ ಕೆಂಪು ಎಲೆಗಳ ಗುಡ್ಡೆ, ಗುಡ್ಡೆಗೆ ಒರಗಿಸಿದ ಪೊರಕೆ. ಬೆಳಕು ಸ್ವಲ್ಪ ಹೆಚ್ಚಿಸಿದ್ದೇನೆ, ಬಲಗಡೆಯ ಒಗೆದ ಬಟ್ಟೆ ಕಾಣದಂತೆ ಅಂಚು ಕತ್ತರಿಸಿದ್ದೇನೆ. ಬೇರೇನೂ ಮಾಡಿಲ್ಲ. ಕೆಳಗೆ ‘ಮಾರ್ಚ್, ನಮ್ಮ ಹಿತ್ತಲು’ ಎಂದು ಬರೆದಿದ್ದೇನೆ.

ಈ ಸಲ ಯಾರೂ ಕಾಶ್ಮೀರವಾ ಎಂದು ಕೇಳಲಿಲ್ಲ. ಮೂವರು ಮಾತ್ರ ಬಂದು ತಮ್ಮ ಮನೆ ಹತ್ತಿರವೂ ಈ ಮರ ಇದೆ ಎಂದರು. ಅವರಿಗೆ ಫೆಬ್ರವರಿಯಲ್ಲಿ ನೆನಪಿಸುತ್ತೇನೆ ಎಂದು ಹೇಳಿದ್ದೇನೆ. ನಿಮಗೂ ಅಷ್ಟೇ.